ಹುಲಿಯುಗುರಿನ ಲೆಕ್ಕ

ನಮ್ಮಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಒಂದು ಹಳೆಯ ಕುಂಕುಮದ ಭರಣಿ ಇತ್ತು. ಅದರೊಳಗೆ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಹುಲಿಯುಗುರು. ಎರಡು ಉಗುರುಗಳನ್ನು ಜೋಡಿಸಿ ಚಿನ್ನದ ಕಟ್ಟು ಹಾಕಿಸಿದ ಪದಕ. ನಾನು ಚಿಕ್ಕವಳಿದ್ದಾಗ ರಾತ್ರಿ ಬೆಚ್ಚಿಬಿದ್ದರೆ ಅಜ್ಜಿ ಅದನ್ನು ಕರಿದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟುತ್ತಿದ್ದಳು. ಅವಳ ತಂದೆ ಗುಂಡ್ಲುಪೇಟೆ ಕಡೆಯವರು. ಹಟ್ಟಿಯ ದನ ತಿನ್ನುತ್ತಿದ್ದ ಹುಲಿಯನ್ನು ಹೊಡೆದು, ಚರ್ಮವನ್ನು ಗಾಡಿಯಲ್ಲಿ ಹೇರಿಕೊಂಡು ಅಮಲ್ದಾರರ ಕಚೇರಿಗೆ ಒಯ್ದು, ಇನಾಮು ತಂದರಂತೆ. "ಸರ್ಕಾರವೇ ದುಡ್ಡು ಕೊಟ್ಟಿತು ಕಣೇ" ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು.

2023ರ ಅಕ್ಟೋಬರಿನಲ್ಲಿ ಹುಲಿಯುಗುರು ತೊಟ್ಟವರ ಮೇಲೆ ಮೊಕದ್ದಮೆ ಹಾಕುತ್ತಿದ್ದಾರೆಂದು ಟಿ.ವಿ.ಯಲ್ಲಿ ದಿನವಿಡೀ ಸುದ್ದಿ. ಅಮ್ಮ ಗಾಬರಿಯಿಂದ ಫೋನು ಮಾಡಿದಳು. "ಸರ್ಕಾರ ಇನಾಮು ಕೊಟ್ಟ ಕೆಲಸಕ್ಕೆ ಸರ್ಕಾರವೇ ಈಗ ಜೈಲಿಗೆ ಹಾಕುತ್ತದೆಯೇನೇ?"

ಪ್ರಶ್ನೆ ನಗೆ ಬರಿಸುವಂತಿದ್ದರೂ ಅದರಲ್ಲಿ ಒಂದು ದೊಡ್ಡ ಚರಿತ್ರೆಯೇ ಅಡಗಿದೆ.

ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆ, ತೋಳಗಳು ಸರ್ಕಾರದ ಕಣ್ಣಿಗೆ ಬೇಸಾಯದ ಶತ್ರುಗಳು. ಕಾಡು ಕಡಿದು ಹೊಲ ಮಾಡಿದರೆ ಕಂದಾಯ ಬರುತ್ತದೆ. ಹುಲಿಯಿದ್ದರೆ ರೈತ ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ತಲೆಗಿಷ್ಟು ಎಂದು ಇನಾಮು ಗೊತ್ತುಮಾಡಿ ಖಜಾನೆಯಿಂದಲೇ ಹಣ ಕೊಡುತ್ತಿದ್ದರು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಹೀಗೆ ಸತ್ತ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು, ತೋಳಗಳು ಸುಮಾರು 2,00,000 ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಕೊಟ್ಟಿದ್ದಾರೆ. ಇವು ದಫ್ತರಕ್ಕೆ ಬಂದವು ಮಾತ್ರ. ಗಾಯಗೊಂಡು ಪೊದೆಯಲ್ಲಿ ಸತ್ತವುಗಳ, ತಾಯಿಯಿಲ್ಲದೆ ಸತ್ತ ಮರಿಗಳ ಲೆಕ್ಕ ಇಟ್ಟವರು ಯಾರು?

ಆಗಲೇ ಬೇಡವೆಂದ ಒಬ್ಬನಿದ್ದ. ಚಾಮರಾಜನಗರದ ಬಳಿಯ ಮೊರ್ಲೆಯಲ್ಲಿ ಬೀಡುಬಿಟ್ಟಿದ್ದ ಸ್ಯಾಂಡರ್‌ಸನ್. ಮೈಸೂರಿನಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಸಿದವನು ಇವನೇ. ಸ್ವತಃ ದೊಡ್ಡ ಬೇಟೆಗಾರನಾದರೂ, 1878ರಲ್ಲಿ ಬಂದ ತನ್ನ ಪುಸ್ತಕದಲ್ಲಿ, ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಹದ್ದಿನಲ್ಲಿಡುವುದು ಹುಲಿಯೇ, ಅದನ್ನು ಕಂಡಕಂಡಂತೆ ಕೊಲ್ಲಿಸುವುದು ತಪ್ಪು ಎಂದು ವಾದಿಸಿದ. ಕೇಳಿದವರು ಕಡಿಮೆ.

ಅರಸರು ಕಾಡನ್ನು ಕಾದದ್ದು ಬೇರೆ ಕಾರಣಕ್ಕೆ. ಬೇಟೆಯ ಕಾಡಿನಲ್ಲಿ ಬೇರೆಯವರು ಬೇಟೆಯಾಡಬಾರದಲ್ಲ! ಆದರೂ ಅದರಿಂದ ಒಳ್ಳೆಯದೇ ಆಯಿತು. ಮೈಸೂರು ಮಹಾರಾಜರ ಕಾಲದಲ್ಲಿ, 1931ರಲ್ಲಿ, ಬಂಡೀಪುರದ 90 ಚದರ ಕಿಲೋಮೀಟರು ಅಭಯಾರಣ್ಯವಾಯಿತು. 1941ರಲ್ಲಿ ಅದೇ ಹಿಗ್ಗಿ ವೇಣುಗೋಪಾಲ ವನ್ಯಮೃಗ ಉದ್ಯಾನವೆನಿಸಿತು.

ಸ್ವಾತಂತ್ರ್ಯ ಬಂದ ಮೇಲೆ ಹುಲಿಗೆ ಸ್ವಾತಂತ್ರ್ಯ ಬರಲಿಲ್ಲ. ಶಿಕಾರಿ ಕಂಪನಿಗಳು ವಿದೇಶೀಯರನ್ನು ಕರೆತಂದು ಹುಲಿ ಹೊಡೆಸುತ್ತಿದ್ದವು. ಡಾಲರು ಬರುತ್ತದೆಂದು ಸರ್ಕಾರವೂ ಪರವಾನಗಿ ಕೊಡುತ್ತಿತ್ತು. ಕೊನೆಗೆ 1970ರಲ್ಲಿ ಹುಲಿಬೇಟೆ ನಿಂತಿತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದೇ ವರ್ಷ ಎಣಿಸಿದಾಗ ಇಡೀ ದೇಶದಲ್ಲಿ ಸಿಕ್ಕ ಲೆಕ್ಕ 1,827 ಹುಲಿ. ಬಂಡೀಪುರದಲ್ಲಿ ಕೇವಲ 12!

1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಕೊಂದವನಿಗೆ ಇನಾಮು ಕೊಟ್ಟ ಅದೇ ಖಜಾನೆ ಈಗ ಕಾವಲುಗಾರನಿಗೆ ಸಂಬಳ, ಬೆಂಕಿ ಹಬ್ಬದಂತೆ ಗೆರೆ ಬಿಡಿಸಲು ಕೂಲಿ, ಕೆರೆಯ ಹೂಳೆತ್ತಲು ಖರ್ಚು ಕೊಡತೊಡಗಿತು. ಫಲವೂ ಕಂಡಿತು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳು, ದೇಶದಲ್ಲಿ ಸುಮಾರು 3,682.

ಆದರೆ ಹುಲಿಗೆ ಜಾಗ ಕೊಟ್ಟವರು ಪಟ್ಟಣದಲ್ಲಿ ಕೂತ ನಾವಲ್ಲ. ನಾಗರಹೊಳೆಯ ಜೇನುಕುರುಬರು ತಲೆತಲಾಂತರದ ಹಾಡಿಗಳನ್ನು ಬಿಟ್ಟು ಹೊರಬಂದರು. ಹುಲಿ ಕಾಡಿನಿಂದ ಹೊರಡುವ ಕುಟುಂಬಕ್ಕೆ 2008ರಲ್ಲಿ ಕೇಂದ್ರ ಗೊತ್ತುಮಾಡಿದ ಮೊತ್ತ 10 ಲಕ್ಷ ರೂಪಾಯಿ. ದೇವರ ಕಲ್ಲಿಗೆ, ಸಮಾಧಿಗೆ, ಜೇನು ಕಟ್ಟುವ ಮರಕ್ಕೆ ಬೆಲೆ ಕಟ್ಟುವುದು ಹೇಗೆ? ಕಾಡಂಚಿನ ಹೆಂಗಸು ಸೌದೆ ತರಲು ಇಂದಿಗೂ ಜೀವ ಕೈಯಲ್ಲಿ ಹಿಡಿದು ಹೋಗುತ್ತಾಳೆ. ನಾವು ಜೀಪಿನಲ್ಲಿ ಹುಲಿ ಕಂಡು ಹಿಗ್ಗುವಾಗ ಅವಳನ್ನೂ ಒಮ್ಮೆ ನೆನೆಯಬೇಕು. ದನ ಕಳೆದುಕೊಂಡ ನಮ್ಮ ಮುತ್ತಾತನನ್ನು ಕಟುಕನೆನ್ನಲು ನನಗೆ ಬಾಯಿ ಬರುವುದಿಲ್ಲ. ತೆವಲಿಗೆ ಕೊಂದವರು ಬೇರೆ, ಹೊಟ್ಟೆಯ ಸಂಕಟಕ್ಕೆ ಕೊಂದವರು ಬೇರೆ.

ಇನ್ನು ಉಗುರಿನ ಮಾತು. ಕಾಯಿದೆಯಂತೆ ಇಂಥದ್ದನ್ನು ಹಿಂದೆಯೇ ಘೋಷಿಸಿ ಪ್ರಮಾಣಪತ್ರ ಪಡೆಯಬೇಕಿತ್ತು. 2003ರಲ್ಲೂ ಒಮ್ಮೆ ಅವಕಾಶವಿತ್ತಂತೆ. ಬೀರುವಿನ ಭರಣಿಗೆ ಗೆಜೆಟ್ಟು ಯಾರು ಓದಿ ಹೇಳಬೇಕು? ನಮ್ಮಣ್ಣ, "ಸುಮ್ಮನೆ ಹೊಳೆಗೆ ಹಾಕಿಬಿಡು" ಎಂದ. ಅಮ್ಮನಿಗೆ ಬೇರೆಯೇ ಚಿಂತೆ. ನನ್ನ ಮಗಳಿಗೆ ಆಗ ಏಳು ತಿಂಗಳು; ಹುಟ್ಟುವ ಮಗುವಿಗೆ ಕಟ್ಟಬೇಕೆಂದು ಅದನ್ನು ಕಾದಿಟ್ಟಿದ್ದಳು.

2024ರ ಆರಂಭದಲ್ಲಿ, ಇಂಥ ವಸ್ತುಗಳನ್ನು ತಂದೊಪ್ಪಿಸಲು ರಾಜ್ಯ ಸರ್ಕಾರ ಮತ್ತೊಮ್ಮೆ ಅವಕಾಶ ಕೊಟ್ಟಿತು. ಪೇಪರಿನಲ್ಲಿ ಓದಿ ಅಮ್ಮನಿಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಭರಣಿ ತಂದು ನನ್ನ ಕೈಗಿಟ್ಟಳು. "ಚಿನ್ನ ಬಿಡಿಸೋಣವೇನಮ್ಮ?" ಎಂದೆ. "ಬೇಡ, ಅದರ ಜೊತೆಗೆ ಹೋಗಲಿ" ಎಂದಳು.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಖಾಕಿ ತೊಟ್ಟ ಹುಡುಗಿಯೊಬ್ಬಳು ಪದಕವನ್ನು ತೂಗಿ, ಪುಸ್ತಕದಲ್ಲಿ ಬರೆದುಕೊಂಡು, ರಸೀತಿ ಕೊಟ್ಟಳು. ಮುತ್ತಾತನ ಹುಲಿ ಎಂದೋ ಅಮಲ್ದಾರರ ಪುಸ್ತಕದಲ್ಲಿ ಖರ್ಚಿನ ಬಾಬಾಗಿ ಸೇರಿತ್ತು. ಈಗ ಇನ್ನೊಂದು ಪುಸ್ತಕದಲ್ಲಿ ಜಮೆಯಾಯಿತು ಎಂದುಕೊಂಡೆ.

ಮಗು ಹುಟ್ಟಿದಾಗ ಅಮ್ಮ ಅದರ ಕೈಗೆ ಬಜೆಯ ಚೂರುಗಳನ್ನು ಪೋಣಿಸಿ ಕಟ್ಟಿದಳು. ರಾತ್ರಿ ಬೆಚ್ಚಿದರೆ ಎತ್ತಿಕೊಳ್ಳಲು ಮನೆಯಲ್ಲಿ ನಾವು ಮೂವರು ಹೆಂಗಸರಿದ್ದೇವೆ. ಸಾಕಲ್ಲವೇ?