ಟೀಎಸ್‌ಕಾನ್ಫಿಗ್ ಕಡತ

ಟೈಪ್‌ಸ್ಕ್ರಿಪ್ಟ್ ಭಾಷೆಯ ಕಂಪೈಲರಿಗೆ ಒಂದು ಯೋಜನೆಯ ನಿಯಮಗಳನ್ನು ತಿಳಿಸುವ ಜೇಸನ್ ರೂಪದ ಕಡತ. ಮೈಕ್ರೋಸಾಫ್ಟ್ 2012ರಲ್ಲಿ ಪ್ರಕಟಿಸಿದ ಈ ಭಾಷೆಗೆ 1.5ನೇ ಆವೃತ್ತಿಯಲ್ಲಿ (2015) ಇದು ಸೇರಿತು. ಕಡತವಿರುವ ಫೋಲ್ಡರೇ ಯೋಜನೆಯ ಬೇರು. ಸಾಮಾನ್ಯ ಜೇಸನ್ ಒಪ್ಪದ ಟಿಪ್ಪಣಿಗಳನ್ನು ಇದರಲ್ಲಿ ಬರೆಯಬಹುದು. ಒಂದೊಂದು ಆಯ್ಕೆಯ ಪಕ್ಕದಲ್ಲೇ ಅದರ ಕಾರಣವನ್ನು ದಾಖಲಿಸುವುದು ಒಳ್ಳೆಯ ರೂಢಿ.

‘ಇನ್‌ಕ್ಲೂಡ್’, ‘ಎಕ್ಸ್‌ಕ್ಲೂಡ್’ಗಳು ಯಾವ ಕಡತಗಳನ್ನು ಪರಿಗಣಿಸಬೇಕೆಂದು ಹೇಳುತ್ತವೆ, ‘ಎಕ್ಸ್‌ಟೆಂಡ್ಸ್’ ಮತ್ತೊಂದು ಕಡತದ ನಿಯಮಗಳನ್ನು ಎರವಲು ತರುತ್ತದೆ. ಉಳಿದ ಬಹುಪಾಲು ನಿಯಮಗಳು ‘ಕಂಪೈಲರ್‌ಆಪ್ಷನ್ಸ್’ ಒಳಗೆ. ಅಲ್ಲಿ ‘ಟಾರ್ಗೆಟ್’ ಯಾವ ಕಾಲದ ಜಾವಾಸ್ಕ್ರಿಪ್ಟ್ ಹೊರಬರಬೇಕೆಂದು ನಿರ್ಧರಿಸಿದರೆ, ‘ಔಟ್‌ಡಿರ್’ ಅದನ್ನು ಇಡುವ ಜಾಗ ತೋರಿಸುತ್ತದೆ. ಎಲ್ಲಕ್ಕಿಂತ ತೂಕದ್ದು ‘ಸ್ಟ್ರಿಕ್ಟ್’. 2.3ನೇ ಆವೃತ್ತಿಯಲ್ಲಿ (2017) ಬಂದ ಈ ಒಂದೇ ಗುಂಡಿ, ‘ನೋಇಂಪ್ಲಿಸಿಟ್‌ಎನಿ’, ‘ಸ್ಟ್ರಿಕ್ಟ್‌ನಲ್‌ಚೆಕ್ಸ್’ ಮುಂತಾದ ಹಲವು ತಪಾಸಣೆಗಳನ್ನು ಒಟ್ಟಿಗೆ ಚಾಲೂ ಮಾಡುತ್ತದೆ. ಹಳೆಯ ಯೋಜನೆಗೆ ಇದನ್ನು ತಡವಾಗಿ ಹಚ್ಚಿದರೆ ದೋಷಗಳ ಸುರಿಮಳೆಯಾಗಬಹುದು. ಹೊಸದಕ್ಕೆ ಮೊದಲ ದಿನವೇ ಹಚ್ಚುವುದು ಜಾಣತನ.

ಟೈಪ್‌ಸ್ಕ್ರಿಪ್ಟ್ ಕಡತದ ಹೆಸರನ್ನು ಆಜ್ಞಾಸಾಲಿನಲ್ಲೇ ಕೊಟ್ಟು ಕಂಪೈಲ್ ಮಾಡಿದಾಗ ಟೀಎಸ್‌ಕಾನ್ಫಿಗ್ ಅನ್ವಯವಾಗದು ಎಂಬುದನ್ನು ಹೊಸಬರು ಮರೆಯುವುದುಂಟು.

ಭಾಷೆಯು ಯೂನಿಕೋಡ್ ಹೆಸರುಗಳನ್ನು ಒಪ್ಪುವುದರಿಂದ ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಆದರೆ ದೋಷಸಂದೇಶಗಳ ಭಾಷೆ ಬದಲಿಸುವ ‘ಲೊಕೇಲ್’ ಆಯ್ಕೆಯಲ್ಲಿ ಜಪಾನಿ, ಟರ್ಕಿಷ್, ಪೋಲಿಷ್ ಇವೆ, ಕನ್ನಡವಿಲ್ಲ.