ಕಲಮಿನಿಂದ ಇಂಕುಪೆನ್ನಿಗೆ

ನಿಮ್ಮ ಮನೆಯ ಪೆಟ್ಟಿಗೆಯಲ್ಲಾಗಲಿ ಗೋಡೆಯ ಮಾಡದಲ್ಲಾಗಲಿ ಬರೆಯದೆ ಬಿದ್ದಿರುವ ಇಂಕುಪೆನ್ನು ಒಂದಾದರೂ ಇದ್ದೀತು. ತಂದೆಯವರದೋ ಅಜ್ಜನವರದೋ ಆಗಿರಬಹುದು. ಕೆಟ್ಟುಹೋಗಿದೆ ಎಂದು ಎತ್ತಿಟ್ಟಿರುತ್ತೀರಿ. ಇಂತಹ ಪೆನ್ನುಗಳು ಬಹುಮಟ್ಟಿಗೆ ಕೆಟ್ಟಿರುವುದಿಲ್ಲ, ಒಣಗಿರುತ್ತವೆ ಅಷ್ಟೆ. ಅವನ್ನು ನಿಜವಾಗಿ ಕೆಡಿಸುವುದು ಸರಿಮಾಡಲು ಹೊರಟವರ ಇಕ್ಕಳ, ಕುದಿನೀರು ಮತ್ತು ಕ್ಷೌರದ ಬ್ಲೇಡು. ಪೆನ್ನು ಯಾವ ಕಾಲದ್ದು, ಯಾವುದರಿಂದ ಮಾಡಿದ್ದು ಎಂಬುದನ್ನು ತಿಳಿಯದೆ ಅದರ ಮೈಮೇಲೆ ಕೈಮಾಡಬಾರದು. ಆದುದರಿಂದ ಮೊದಲು ಸ್ವಲ್ಪ ಚರಿತ್ರೆ.

ಬೀದರಿನವರಿಗೆ ಲೇಖನಿಯ ಕಥೆ ಹೊಸದೇನೂ ಅಲ್ಲ. 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾದ ಮುಂದೆ ನಿಂತು ಅಳಿದುಳಿದ ಬಣ್ಣದ ಹೆಂಚುಗಳನ್ನು ನೋಡಿರಿ. ಅಲ್ಲಿಯ ಅಕ್ಷರ ಒಂದೆಡೆ ದಪ್ಪ, ಒಂದೆಡೆ ತೆಳುವು. ತುದಿಯನ್ನು ಓರೆಯಾಗಿ ಕೊಯ್ದ ಜೊಂಡಿನ ಕಲಮು ಕಾಗದದ ಮೇಲೆ ಕಲಿಸಿದ ನಡೆಯನ್ನೇ ಹೆಂಚಿನ ಕುಶಲಿಗಳು ಅನುಸರಿಸಿದ್ದಾರೆ. ಗಾವಾನನು ಸ್ವತಃ ಪಾರಸಿಯಲ್ಲಿ ಪತ್ರಲೇಖನದ ಶಾಸ್ತ್ರವನ್ನೇ ಬರೆದವನು. ಅಂಥವನ ಮುದ್ರೆಯಿದ್ದ ಖಾಲಿ ಕಾಗದವನ್ನು ಸಂಪಾದಿಸಿ, ಅದರ ಮೇಲೆ ರಾಜದ್ರೋಹದ ಪತ್ರವನ್ನು ಬರೆಯಿಸಿ, ವೈರಿಗಳು 1481ರಲ್ಲಿ ಅವನ ತಲೆ ತೆಗೆಸಿದರು. ಲೇಖನಿಯಿಂದ ಬೆಳೆದವನು ಲೇಖನಿಯಿಂದಲೇ ಅಳಿದನು. ಇದೇ ಊರಿನ ಬಿದರಿ ಕುಶಲಿಗಳು ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಬಿಡಿಸಿ ಕಲಮುದಾನಿಗಳನ್ನೂ ದೌತಿಗಳನ್ನೂ ಮಾಡಿದರು.

ಆ ದೌತಿಯೊಳಗಿನ ಮಸಿಯನ್ನು ಇಲ್ಲಿ ಗಮನಿಸಬೇಕು. ದೀಪದ ಕಾಡಿಗೆಗೆ ಗೋಂದು ಬೆರೆಸಿ ಅರೆದದ್ದು ಒಂದು ಬಗೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದ್ದು ಇನ್ನೊಂದು ಬಗೆ. ಎರಡೂ ನೂರಾರು ವರ್ಷ ಬಾಳುವ ಮಸಿಗಳೇ. ಆದರೆ ಮೊದಲನೆಯದರಲ್ಲಿ ಕಾಡಿಗೆಯ ಕಣ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ; ಎರಡನೆಯದರಲ್ಲಿ ಹುಳಿಯಿದೆ, ಅದು ಉಕ್ಕನ್ನು ತಿನ್ನುತ್ತದೆ. ಕಲಮನ್ನು ಅದ್ದಿ, ಬರೆದು, ಒರಸಿ ಇಡುವವರೆಗೆ ಇದರಿಂದ ತೊಂದರೆಯಿರಲಿಲ್ಲ. ಲೇಖನಿಯ ಹೊಟ್ಟೆಯೊಳಗೇ ಮಸಿ ತುಂಬುವ ಕಾಲ ಬಂದಾಗ ಇವೆರಡೂ ಶತ್ರುಗಳಾದವು. ಇಂಕುಪೆನ್ನಿಗೆ ಕರಗುವ ಬಣ್ಣದ ಮಸಿಯೇ ಬೇಕಾಯಿತು.

ಹೊಟ್ಟೆಯಲ್ಲಿ ಮಸಿ ತುಂಬುವ ಯತ್ನ ಹಳೆಯದು. ಕಷ್ಟವಿದ್ದದ್ದು ಅದನ್ನು ಅಳತೆಯಾಗಿ ಇಳಿಸುವುದರಲ್ಲಿ. ಸಣ್ಣ ಬಾಯಿಯ ಹೂಜಿಯೊಂದನ್ನು ಬೋರಲು ಹಿಡಿಯಿರಿ. ನೀರು ಧಾರೆಗಟ್ಟಿ ಬೀಳದೆ ಗುಳುಗುಳು ಎಂದು ತಡೆದು ತಡೆದು ಬೀಳುತ್ತದೆ. ಹೊರಬಿದ್ದ ನೀರಿನ ಜಾಗಕ್ಕೆ ಗಾಳಿ ಒಳಗೆ ಬರಬೇಕಲ್ಲ! ಪೆನ್ನಿನಲ್ಲೂ ಹೀಗೆಯೇ. ಒಮ್ಮೆ ಮಸಿಯೇ ಇಳಿಯದು, ಮರುಕ್ಷಣ ಕಾಗದದ ಮೇಲೆ ಬೊಟ್ಟು. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟು ಪಡೆದ ಪೆನ್ನಿನಲ್ಲಿ ಮುಳ್ಳಿನ ಕೆಳಗೆ ಗೀರು ಕೊರೆದ ಒಂದು ತುಂಡು ಇತ್ತು. ಅದರ ಕೂದಲೆಳೆಯಂಥ ಗೀರುಗಳಲ್ಲಿ ಮಸಿ ತಾನಾಗಿ ಹರಿದು ಬರುತ್ತದೆ, ಗಾಳಿ ಹಿಂದಕ್ಕೆ ಹೋಗುತ್ತದೆ. ಇದನ್ನೇ ನಾವು ಪೆನ್ನಿನ ನಾಲಗೆ ಎನ್ನುತ್ತೇವೆ. ಆ ಗೀರು ಮುಚ್ಚಿದರೆ ಪೆನ್ನು ಮೂಕ. ನಿಮ್ಮ ಮನೆಯ ಪೆನ್ನಿಗೆ ಆಗಿರುವುದೂ ಬಹುಶಃ ಇದೇ.

ನಮ್ಮ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈದರಾಬಾದಿನ ಅಬಿಡ್ಸಿನಲ್ಲಿ 1928ರಲ್ಲಿ ಡೆಕ್ಕನ್ ಪೆನ್ ಸ್ಟೋರ್ಸ್ ತೆರೆಯಿತು. ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು 1930ರ ದಶಕದ ಆರಂಭದಲ್ಲಿ ಸ್ವದೇಶಿ ಪೆನ್ನು ಮಾಡತೊಡಗಿದರು. ಅವರ ಪೆನ್ನನ್ನು ಮೆಚ್ಚಿ ಗಾಂಧೀಜಿಯವರು 1935ರಲ್ಲಿ ಪತ್ರ ಬರೆದರು. ಆ ದಿನಗಳಲ್ಲಿ ಬೀದರಿನ ಕಚೇರಿಗಳ ಬರಹ ಉರ್ದು. ಭಾಲ್ಕಿ, ಔರಾದ ಕಡೆಯ ಮರಾಠಿ ಮನೆಗಳ ಲೆಕ್ಕ ಮೋಡಿ ಲಿಪಿ. ಕನ್ನಡಕ್ಕೆ ಉಳಿದ ಜಾಗ ಸ್ವಲ್ಪವೇ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಹಲಗೆ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು; 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಿಮ್ಮ ಪೆಟ್ಟಿಗೆಯ ಪೆನ್ನು ಆ ಕಾಲದ್ದಾದರೆ, ಉರ್ದುವಿನಲ್ಲಿ ರುಜು ಕಲಿತ ಕೈ ಕನ್ನಡದಲ್ಲಿ ರುಜು ಮಾಡಲು ತೊಡಗಿದ್ದು ಅದರಿಂದಲೇ ಇದ್ದರೂ ಇದ್ದೀತು. ಅದನ್ನು ಇಕ್ಕಳಕ್ಕೆ ಕೊಡಬೇಡಿರಿ ಎನ್ನುವುದು ಇದಕ್ಕಾಗಿ.

ನನ್ನ ಎಣಿಕೆಯಲ್ಲಿ ಕನ್ನಡಕ್ಕೆ ಸಣ್ಣ ಮುಳ್ಳಿನ ಇಂಕುಪೆನ್ನು ಕಲಮಿಗಿಂತ ಚೆನ್ನಾಗಿ ಒಗ್ಗುತ್ತದೆ. ನಮ್ಮ ದುಂಡು ಅಕ್ಷರಕ್ಕೆ ಒಂದೇ ದಪ್ಪದ ಗೆರೆ ಸಾಕು. ಮುಳ್ಳು ದಪ್ಪವಾದರೆ ಒತ್ತಕ್ಷರಗಳ ಹೊಟ್ಟೆ ತುಂಬಿಹೋಗುತ್ತದೆ. ನಸ್ತಾಲಿಕ್ ಬರೆಯುವವರು ಇದನ್ನು ಒಪ್ಪಲಾರರು; ಅವರ ಲಿಪಿಯ ಸೊಗಸು ಓರೆ ಕೊಯ್ತದಲ್ಲಿದೆ.

ಇನ್ನು ಪೆನ್ನನ್ನು ಬಿಚ್ಚೋಣ. ಟೋಪಿ ತೆಗೆದು, ಕತ್ತನ್ನು ಮೆಲ್ಲಗೆ ತಿರುಗಿಸಿರಿ. ಜಗ್ಗದಿದ್ದರೆ ಸೈಕಲ್ ಟ್ಯೂಬಿನ ಒಂದೊಂದು ತುಂಡನ್ನು ಎರಡು ಕಡೆಗೂ ಸುತ್ತಿ ಹಿಡಿಯಿರಿ. ಒಳಗೆ ಚೀಲವೂ ಇಲ್ಲ, ಕೊಳವೆಯೂ ಇಲ್ಲ, ಬರಿಯ ಹೊಟ್ಟೆ ಎಂದಾದರೆ ಅದು ಫಿಲ್ಲರಿನಿಂದ ಮಸಿ ಹನಿಸುವ ಪೆನ್ನು. ಹಳೆಯ ಸ್ವದೇಶಿ ಪೆನ್ನುಗಳಲ್ಲಿ ಬಹಳ ಇಂಥವೇ. ಮನೆಯಲ್ಲಿ ಸರಿಮಾಡಲು ಇದಕ್ಕಿಂತ ಸುಲಭವಾದುದಿಲ್ಲ. ಕತ್ತಿನ ತುದಿಯನ್ನು ಮಾತ್ರ ತಣ್ಣೀರಿನಲ್ಲಿ ರಾತ್ರಿಯೆಲ್ಲ ಇಳಿಬಿಡಿರಿ. ನೀರು ನೀಲಿಯಾದಂತೆಲ್ಲ ಬದಲಿಸಿರಿ. ಹೊಳಪಿನ ಮೈಯನ್ನು ಮುಳುಗಿಸಬೇಡಿರಿ, ಬಿಸಿನೀರನ್ನಂತೂ ಮುಟ್ಟಿಸಬೇಡಿರಿ. ಆ ಮೈ ಎಬೊನೈಟು, ಅಂದರೆ ಗಂಧಕ ಸೇರಿಸಿ ಬೇಯಿಸಿದ ರಬ್ಬರು. ಬಿಸಿನೀರು ತಗಲಿದರೆ ಕಪ್ಪು ಹೋಗಿ ಕೆಸರಿನ ಬಣ್ಣ ಬರುತ್ತದೆ. ಅದು ಮತ್ತೆ ಸುಲಭವಾಗಿ ಹೋಗುವುದಿಲ್ಲ.

ಬೆಳಿಗ್ಗೆ, ಮುಳ್ಳು ನಾಲಗೆಗಳು ಕತ್ತಿನೊಳಗೆ ಎಷ್ಟು ಹೋಗಿವೆ ಎಂಬುದನ್ನು ಕಣ್ಣಳತೆಯಲ್ಲಿ ಗುರುತಿಟ್ಟುಕೊಂಡು, ಎರಡನ್ನೂ ರಬ್ಬರಿನಿಂದ ಒಟ್ಟಿಗೆ ಹಿಡಿದು ನೇರವಾಗಿ ಎಳೆಯಿರಿ. ಅವುಗಳಿಗೆ ತಿರುಪು ಇರುವುದಿಲ್ಲ, ಬಿಗಿಯಿಂದ ನಿಂತಿರುತ್ತವೆ. ಬಾರದಿದ್ದರೆ ಇನ್ನೊಂದು ರಾತ್ರಿ ನೆನೆಯಲಿ. ನಾಲಗೆಯ ಗೀರನ್ನು ಮೆತ್ತಗಿನ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಬ್ಲೇಡು ಹಾಕಿದರೆ ಗೀರು ಅಗಲವಾಗಿ, ವಾಟರ್‌ಮನ್‌ಗೂ ಮುಂಚಿನ ಬೊಟ್ಟು ನಿಮ್ಮ ಕಾಗದಕ್ಕೆ ಮರಳಿ ಬರುತ್ತದೆ. ಜೋಡಿಸುವಾಗ ಮುಳ್ಳಿನ ಸೀಳು ನಾಲಗೆಯ ನಟ್ಟನಡುವೆ ಬರಬೇಕು, ಎರಡರ ನಡುವೆ ಬೆಳಕು ಕಾಣಬಾರದು. ಕತ್ತಿನ ತಿರುಪಿಗೆ ಸ್ವಲ್ಪ ಜೇನುಮೇಣ ಸವರಿದರೆ ಮಸಿ ಜಿನುಗುವುದಿಲ್ಲ.

ಪಕ್ಕದಲ್ಲಿ ಸಣ್ಣ ಸನ್ನೆ ಇರುವ ಪೆನ್ನಿನೊಳಗೆ ರಬ್ಬರು ಚೀಲವಿರುತ್ತದೆ. ಹಳೆಯದಾದರೆ ಅದು ಹಪ್ಪಳದಂತೆ ಮುರಿಯುತ್ತದೆ. ಹೊಸ ಚೀಲವನ್ನು ಅರಗಿನಿಂದ ಅಂಟಿಸಬೇಕು, ಬೇರೆ ಗಟ್ಟಿ ಅಂಟು ಕೂಡದು. ಮುಂದೆ ಮತ್ತೆ ಯಾರಾದರೂ ಬಿಚ್ಚಬೇಕಲ್ಲ. ಬಣ್ಣಬಣ್ಣದ ಪಟ್ಟೆಯ ಮೈಯಾದರೆ ಅದು ಸೆಲ್ಯುಲಾಯ್ಡ್ ಇರಬಹುದು, ಹಳೆಯ ಸಿನಿಮಾ ರೀಲಿನ ಜಾತಿ. ದೀಪದ ಬಳಿಗೆ ಒಯ್ಯಬೇಡಿರಿ, ಭಗ್ಗನೆ ಹೊತ್ತಿಕೊಳ್ಳುತ್ತದೆ. 1941ರಲ್ಲಿ ಬಂದ ಪಾರ್ಕರ್ 51ರಂತೆ ಮುಳ್ಳು ಮರೆಯಾಗಿರುವ ಪೆನ್ನುಗಳನ್ನೂ, ಹಿಂಬದಿ ತಿರುಗಿಸಿ ಮಸಿ ಎಳೆಯುವ ಪೆನ್ನುಗಳನ್ನೂ ತಣ್ಣೀರು ಎಳೆದು ಬಿಟ್ಟು ತೊಳೆದರೆ ಸಾಕು. ಅವುಗಳ ಹೊಟ್ಟೆ ಬಿಚ್ಚುವುದು ಬಲ್ಲವರ ಕೆಲಸ.

ಫಿಲ್ಲರಿನ ಪೆನ್ನು ಬರೆಯುತ್ತ ಬರೆಯುತ್ತ ಒಮ್ಮೆಲೇ ಬೊಟ್ಟು ಕಾರಿದರೆ ಗಾಬರಿಯಾಗಬೇಡಿರಿ. ಹೊಟ್ಟೆಯಲ್ಲಿ ಮಸಿ ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ. ಕೈಯ ಕಾವಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ದೂಡಿದೆ. ಅರ್ಧಕ್ಕಿಂತ ಕೆಳಗಿಳಿಯುವ ಮೊದಲೇ ತುಂಬಿಕೊಳ್ಳಿರಿ. ಬೀದರಿನ ಬೇಸಗೆಯಲ್ಲಂತೂ ಮಧ್ಯಾಹ್ನ ಬರೆಯಲು ಕೂಡುವ ಮುಂಚೆಯೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.