ಕಲ್ಲಿದ್ದಲು ಬಿಡುವ ಖರ್ಚು ಯಾರ ಹೆಗಲಿಗೆ?

ಕರೆಂಟು ಹೋದರೆ ನಾವು ಮೊದಲು ಫೋನ್ ಮಾಡುವುದು ಲೈನ್‌ಮನ್‌ಗೆ. ಆ ಕರೆಂಟು ಎಲ್ಲಿ ಹುಟ್ಟಿ ನಮ್ಮ ಪಂಪ್‌ಸೆಟ್‌ವರೆಗೆ ಬಂತು ಎಂದು ಯೋಚಿಸುವುದು ಕಡಿಮೆ. ಇವತ್ತಿಗೂ ದೇಶದ ಹೆಚ್ಚಿನ ವಿದ್ಯುತ್ ಕಲ್ಲಿದ್ದಲು ಸುಟ್ಟೇ ತಯಾರಾಗುತ್ತದೆ. ಆ ಹೊಗೆ ಭೂಮಿಯನ್ನು ಬಿಸಿ ಮಾಡುತ್ತಿದೆ, ಮಳೆಯ ಲೆಕ್ಕ ತಪ್ಪಿಸುತ್ತಿದೆ. ಹಾಗಾಗಿ 2070ರೊಳಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುತ್ತೇವೆ ಎಂದು ಭಾರತ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಮಾತು ಕೊಟ್ಟಿತು.

ಒಳ್ಳೆಯ ಮಾತೇ. ಆದರೆ ಖರ್ಚು ಎಲ್ಲ ಊರಿನ ಮೇಲೂ ಒಂದೇ ಸಮ ಬೀಳುವುದಿಲ್ಲ. ಏಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು ಕಾವೇರಿ ನೀರಿನ ಕರೆಂಟು. ಆಮೇಲೆ ಶರಾವತಿ ಬಂತು. ನೀರೊಂದನ್ನೇ ನಂಬಿದರೆ ಸಾಲದು ಎಂದಾದಾಗ, 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಯಿತು. ಕಲ್ಲಿದ್ದಲು ಬರುವುದು ಮಾತ್ರ ತೆಲಂಗಾಣದ ಸಿಂಗರೇಣಿ, ಒಡಿಶಾದ ತಾಲ್ಚೇರ್ ಕಡೆಯಿಂದ, ರೈಲಿನಲ್ಲಿ. ಬೆಳಕು ನಮಗೆ, ಗುಂಡಿ ಅವರಿಗೆ.

ಆ ಗುಂಡಿಗಳ ಕಥೆ ಹಳೆಯದು. ಬಂಗಾಳದ ರಾಣಿಗಂಜ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1774ರಲ್ಲಿ ಗಣಿಗಾರಿಕೆ ಆರಂಭವಾಯಿತು. ಈಗಿನ ಜಾರ್ಖಂಡ್‌ನ ಝರಿಯಾದಲ್ಲಿ 1916ರಲ್ಲಿ ನೆಲದಡಿ ಹೊತ್ತಿದ ಬೆಂಕಿ ನೂರು ವರ್ಷ ದಾಟಿದರೂ ಪೂರ್ತಿ ಆರಿಲ್ಲ. 1975ರ ಡಿಸೆಂಬರ್‌ನಲ್ಲಿ ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ನೀರು ನುಗ್ಗಿ 350ಕ್ಕೂ ಹೆಚ್ಚು ಕಾರ್ಮಿಕರು ಸತ್ತರು.

ಇಷ್ಟು ಕೊಟ್ಟ ಸೀಮೆ ಶ್ರೀಮಂತವಾಗಬೇಕಿತ್ತಲ್ಲವೇ? ಆಗಲಿಲ್ಲ. 1950ರ ದಶಕದಲ್ಲಿ ಕೇಂದ್ರ ಸರ್ಕಾರ ಸಾಗಣೆ ವೆಚ್ಚ ಸಮೀಕರಣ ಎಂಬ ನೀತಿ ತಂದಿತು. ಜಮ್‌ಶೇಡ್‌ಪುರದ ಉಕ್ಕು ಪಕ್ಕದ ಊರಿನಲ್ಲೂ ಮುಂಬೈಯಲ್ಲೂ ಒಂದೇ ಬೆಲೆ. ಅಂದ ಮೇಲೆ ಕಾರ್ಖಾನೆ ಕಟ್ಟುವವನು ಗಣಿಯ ಪಕ್ಕಕ್ಕೆ ಏಕೆ ಬರುತ್ತಾನೆ? ಬಂದರು, ಪೇಟೆ ಇರುವ ಕಡೆಗೇ ಹೋದ. 1990ರ ದಶಕದ ಆರಂಭದವರೆಗೂ ಇದು ನಡೆಯಿತು. ಹತ್ತಿರದ ಅದಿರಿನ ಲಾಭ ಪೂರ್ವದ ರಾಜ್ಯಗಳ ಕೈತಪ್ಪಿತು.

ಎರಡನೇ ಪೆಟ್ಟು ನಮ್ಮ ಕಾಲದ್ದು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಲಾಯಿತು. ಶುದ್ಧ ಇಂಧನಕ್ಕೆ ಹಣ ಕೂಡಿಸುವುದು ಉದ್ದೇಶ. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಸುಮಾರು 86 ಸಾವಿರ ಕೋಟಿ ಸಂಗ್ರಹವಾದರೂ ಶುದ್ಧ ಇಂಧನ ನಿಧಿಗೆ ಹೋದದ್ದು ಮೂರನೇ ಒಂದು ಭಾಗದಷ್ಟು. 2017ರಲ್ಲಿ ಆ ಸೆಸ್ ಜಾಗಕ್ಕೆ ಜಿಎಸ್‌ಟಿ ಪರಿಹಾರ ಸೆಸ್ ಬಂತು. ಹಣ ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಈಗ ಸೂರ್ಯನ ಕಾಲ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಬರ ಹಾಸಿಕೊಂಡಿದ್ದ ನೆಲಕ್ಕೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಯಿತು. ಪಹಣಿ ಇದ್ದವರಿಗೆ ಅನುಕೂಲವಾಯಿತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರ ಹೆಸರಿನಲ್ಲಿ ಪಹಣಿ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು.

ಜಾರ್ಖಂಡ್‌ನಲ್ಲೂ ಇಂಥವರೇ ಇದ್ದಾರೆ. ಗಣಿ ಮುಚ್ಚಿದರೆ ಕಾಯಂ ನೌಕರನಿಗೆ ಪಿಂಚಣಿ ಉಂಟು. ಸೈಕಲ್ ಮೇಲೆ ಕಲ್ಲಿದ್ದಲು ಮೂಟೆ ಹೇರಿ ತಳ್ಳಿಕೊಂಡು ಹೋಗಿ ಮಾರುವವನಿಗೆ ಏನೂ ಇಲ್ಲ. ಅವನು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಖರ್ಚು ಅಲ್ಲಿಗೇ ನಿಲ್ಲುವುದೂ ಇಲ್ಲ. ರೈಲ್ವೆ ಸಾಗಿಸುವ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ಕಲ್ಲಿದ್ದಲು. ನಮ್ಮ ಪ್ಯಾಸೆಂಜರ್ ಗಾಡಿಯ ಟಿಕೆಟ್ ಅಗ್ಗವಾಗಿರುವುದು ಸರಕಿನ ಆದಾಯದ ಬಲದಿಂದ.

ಜರ್ಮನಿ 2020ರಲ್ಲಿ ಕಲ್ಲಿದ್ದಲು ಬಿಡುವ ಕಾನೂನು ಮಾಡಿದಾಗಲೇ ಗಣಿ ಪ್ರದೇಶಗಳಿಗೆ 2038ರವರೆಗೆ 4,000 ಕೋಟಿ ಯೂರೊವರೆಗೆ ನೆರವು ಎಂದು ಬರೆದಿಟ್ಟಿತು. ನಮ್ಮಲ್ಲಿ 2015ರಿಂದ ಗಣಿ ಬಾಧಿತರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಆದರೆ ಅದಕ್ಕೆ ಹಣ ಬರುವುದು ಗಣಿಯಿಂದ. ಗಣಿ ನಿಂತ ದಿನವೇ ಆ ಹಣವೂ ನಿಲ್ಲುತ್ತದೆ. ಜನರಿಗೆ ಅದು ಬೇಕಾಗುವುದು ಆವತ್ತೇ.

ಕಲ್ಲಿದ್ದಲು ಬಿಡಬಾರದು ಎಂದು ನಾವು ಹೇಳುತ್ತಿಲ್ಲ. ಬಿಡದಿದ್ದರೆ ಮೊದಲು ಒಣಗುವುದು ನಮ್ಮ ಹೊಲವೇ. ಗಣಿ ನಡೆಯುತ್ತಿರುವಾಗಲೇ ಮುಂದಿನ ದಿನಕ್ಕೆ ಹಣ ತೆಗೆದಿಡಬೇಕು, ಪಹಣಿ ಇಲ್ಲದವರನ್ನೂ ಹಾಜರಿ ಇಲ್ಲದವರನ್ನೂ ಪಟ್ಟಿಗೆ ಸೇರಿಸಬೇಕು ಎನ್ನುತ್ತಿದ್ದೇವೆ. ಹಿಂದೆ ಎರಡು ಸಲ ಅವರನ್ನು ಬಿಟ್ಟು ಲೆಕ್ಕ ಬರೆದಾಯಿತು. ಮೂರನೆಯ ಸಲ ಹಾಗಾಗದಿರಲಿ.